ಮೊದಲ ಖಾನೆಯಲ್ಲಿ ಬಿಟ್ಟುಹೋದ ಹೊಗೆಸೊಪ್ಪು

ನಾನು ಲೈಬ್ರರಿಯನ್ ಆದದ್ದು ಸೋಮಾರಿತನದ ಕೃಪೆಯಿಂದ. ಇದು ನನ್ನ ಮಾತಲ್ಲ, ನಮ್ಮ ಮನೆಯವರ ತೀರ್ಮಾನ. ರಾವಂದೂರಿನ ಹತ್ತಿರ ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಹೈಸ್ಕೂಲಿನಲ್ಲಿದ್ದಾಗ ಒಂದು ಮಳೆಗಾಲ ಅವ್ವನ ಜೊತೆ ಸೊಪ್ಪು ಮುರಿಯಲು ಹೋದೆ. ಮಧ್ಯಾಹ್ನದ ಹೊತ್ತಿಗೆ ತಲೆ ಗಿರ್ರೆಂದಿತು, ಸಾಲಿನ ನಡುವೆಯೇ ಕುಕ್ಕರಿಸಿ ವಾಂತಿ ಮಾಡಿಕೊಂಡೆ. ಮಾರನೆಯ ದಿನವೂ ಅದೇ ಕಥೆ. ಮೂರನೆಯ ದಿನ ಅಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇವ್ಳು ಗೇಯೋಳಲ್ಲ ಕಣೆ, ಓದಕ್ಕೇ ಹಾಕ್ಬುಡು ಅತ್ಲಾಗೆ" ಎಂದರು. ಅಲ್ಲಿಗೆ ನನ್ನ ವಿದ್ಯಾಭ್ಯಾಸ ಗಟ್ಟಿಯಾಯಿತು. ಇವತ್ತಿಗೂ ನೆಂಟರು ಬಂದರೆ ಅವ್ವ ನನ್ನನ್ನು ತೋರಿಸಿ, "ಇವ್ಳೇ ಕಣವ್ವ ನಮ್ ಸೋಮಾರಿ, ಹುಣಸೂರಲ್ಲಿ ಲೈಬ್ರರಿ ನೋಡ್ಕತಾಳೆ" ಅನ್ನುತ್ತಾಳೆ. ನಾನೂ ನಗುತ್ತೇನೆ. ಬೇರೆಯವರು ಹೇಳುವ ಮೊದಲೇ ನಾನೇ ಹೇಳಿ ನಗಿಸುವಷ್ಟು ಅದು ರೂಢಿಯಾಗಿಬಿಟ್ಟಿದೆ.

ಇಂಥ ಸೋಮಾರಿಯನ್ನು ಮೈಸೂರಿಗೆ ಕರೆಸಿ ಒಂದು ತಿಂಗಳು ತರಬೇತಿ ಕೊಟ್ಟರು. ಡಾಕ್ಟರೋ ನರ್ಸೋ ಬಂದು ಪ್ರಶ್ನೆ ಕೇಳಿದರೆ, ಅದರ ಮೇಲೆ ಜಗತ್ತಿನಲ್ಲಿ ನಡೆದಿರುವ ಸಂಶೋಧನೆಗಳನ್ನು ಕಂಪ್ಯೂಟರಿನಲ್ಲಿ ಹುಡುಕಿ, ಗಟ್ಟಿ ಯಾವುದು ಜೊಳ್ಳು ಯಾವುದು ಎಂದು ಆರಿಸಿಕೊಡುವ ವಿದ್ಯೆ. ಅಲ್ಲಿಯವರೆಗೆ ನನ್ನ ಕೆಲಸವೆಂದರೆ ನರ್ಸಿಂಗ್ ಶಾಲೆಯ ಪುಸ್ತಕಗಳಿಗೆ ಸೀಲು ಹೊಡೆಯುವುದು, ವಾಪಸ್ ಕೊಡದ ಹುಡುಗಿಯರನ್ನು ಹಾಸ್ಟೆಲ್ಲಿನವರೆಗೂ ಅಟ್ಟಿಸಿಕೊಂಡು ಹೋಗುವುದು. ಈ ವಿದ್ಯೆ ಕೈಗೆ ಸಿಕ್ಕಿದ ಮೇಲೆ ನನಗೆ ಒಂದಿಷ್ಟು ಕೊಂಬು ಬಂತು, ಸುಳ್ಳು ಯಾಕೆ ಹೇಳಲಿ. ಮನೆಯಲ್ಲಿ ಯಾರಾದರೂ "ಕೆಮ್ಮಿಗೆ ಮೆಣಸಿನ ಕಷಾಯ ಒಳ್ಳೇದು" ಅಂದರೆ ಸಾಕು, "ಪುರಾವೆ ಎಲ್ಲಿ?" ಎಂದು ಮೇಲೆ ಬೀಳುತ್ತಿದ್ದೆ. ಕಷಾಯ ಮಾತ್ರ ಕುಡಿಯುತ್ತಿದ್ದೆ.

ಕಲಿತು ಬಂದವಳು ಪಕ್ಕದ ಮೂರು ತಾಲ್ಲೂಕಿನ ಲೈಬ್ರರಿಯವರಿಗೂ ಕಲಿಸಬೇಕು ಎಂದು ಆಜ್ಞೆಯಾಯಿತು. ಶ್ರಾವಣದ ಒಂದು ಸೋಮವಾರ, ಪಿರಿಯಾಪಟ್ಟಣದ ಒಂದು ನರ್ಸಿಂಗ್ ಶಾಲೆಯ ಮಹಡಿಯ ಕೋಣೆಯಲ್ಲಿ ಮೂರು ದಿನದ ತರಗತಿ ಶುರು. ಮೂರು ಕಂಪ್ಯೂಟರು, ಒಂದು ಪ್ರಿಂಟರು, ಮೂವರು ಶಿಷ್ಯರು. ಹೊಸ ಸೀರೆ ಉಟ್ಟು ಹೋಗಿದ್ದೆ. ಮೆಟ್ಟಿಲು ಹತ್ತುವಾಗ ಖುಷಿಗೋ ದಿಗಿಲಿಗೋ ಕಾಲು ನೆಲದ ಮೇಲೇ ನಿಲ್ಲುತ್ತಿರಲಿಲ್ಲ.

ಶಿಷ್ಯರ ಪೈಕಿ ಕೆ.ಆರ್. ನಗರದಿಂದ ಬಂದವರು ನಿವೃತ್ತಿಗೆ ಹತ್ತಿರವಿದ್ದ ಹಿರಿಯರು. ಸಾಲಿಗ್ರಾಮದ ಕಡೆಯ ಗದ್ದೆ ಬಯಲಿನವರು. ಊಟವಾದ ಮೇಲೆ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ಕಲೆ ಅವರಿಗೆ ಸಿದ್ಧಿಸಿತ್ತು. ಎಚ್.ಡಿ. ಕೋಟೆಯಿಂದ ಬಂದವಳು ಬಟ್ಟೆ ವ್ಯಾಪಾರದ ಸಾಬರ ಮನೆಯ ಹುಡುಗಿ, ಚೂಟಿ. ನಾನು ಬಾಯಿ ತೆರೆಯುವ ಮೊದಲೇ ಟೈಪು ಮಾಡಿ ಮುಗಿಸಿರುತ್ತಿದ್ದಳು. ಮೂರನೆಯವಳು ಅದೇ ಪಿರಿಯಾಪಟ್ಟಣದವಳು, ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿಯ ಸೊಸೆ. ಬಂದಾಗಿನಿಂದ ಅವಳ ಮುಖ ಸಪ್ಪಗಿತ್ತು. ನಾವು ಒಬ್ಬರನ್ನೊಬ್ಬರು ಊರಿನ ಹೆಸರಲ್ಲೇ ಕರೆದುಕೊಂಡೆವು. ನಗರದೋರೆ, ಕೋಟೆಯೋಳೆ, ಪಟ್ಟಣದೋಳೆ. ನಾನು ಮಾತ್ರ ಮೇಡಂ.

ಬೋರ್ಡಿನ ಮೇಲೆ ನಾಲ್ಕು ಖಾನೆ ಎಳೆದೆ. ಯಾರಿಗೆ? ಏನು ಮಾಡಿದರೆ? ಯಾವುದಕ್ಕೆ ಹೋಲಿಸಿ? ಏನಾಗುತ್ತದೆ? "ಪ್ರಶ್ನೆಯನ್ನ ಈ ನಾಲ್ಕು ಖಾನೆಗೆ ಮುರಿದು ಹಾಕದೆ ಕೀಬೋರ್ಡ್ ಮುಟ್ಟಬೇಡಿ. ಮೊದಲನೇ ಖಾನೆ ತಪ್ಪಿದರೆ ಮಿಕ್ಕಿದ್ದೆಲ್ಲ ದಂಡ" ಎಂದು ಗಂಭೀರವಾಗಿ ಹೇಳಿದೆ. ಈ ಮಾತು ನನ್ನದೇ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಆಮೇಲೆ, ಅವರವರಿಗೆ ನಿಜವಾಗಿ ಬೇಕಾದ ಒಂದು ಪ್ರಶ್ನೆ ತನ್ನಿ ಎಂದೆ. ಪಟ್ಟಣದವಳು ಸ್ವಲ್ಪ ಹೊತ್ತು ಪೆನ್ನು ಕಚ್ಚಿದಳು.

"ನಮ್ಮನೇದೇ ಒಂದೈತೆ ಮೇಡಂ, ಕೇಳ್ಬೋದಾ?"

ಅವಳ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಹೊಸದಾಗಿ ಮದುವೆಯಾಗಿ ಬಂದ ಹುಡುಗಿ. ಗದ್ದೆ ಸೀಮೆಯವಳು. ಎಲ್ಲ ಹೊಸ ಸೊಸೆಯರ ಹಾಗೆ ಆಷಾಢಕ್ಕೆ ತವರಿಗೆ ಹೋದಳು, ಶ್ರಾವಣ ಬಂದಾಗ ವಾಪಸ್ ಬಂದಳು. ಬಂದ ಎರಡನೇ ದಿನದಿಂದ ವಾಂತಿ, ತಲೆಸುತ್ತು. ಮನೆಯವರೆಲ್ಲ ಬಸುರಿ ಎಂದು ಸಂಭ್ರಮಪಟ್ಟು ಹೋಳಿಗೆ ಮಾಡಿದರು. ಟೆಸ್ಟಿನಲ್ಲಿ ಇಲ್ಲವೆಂದು ಬಂತು. ಡಾಕ್ಟರು ಹೊಟ್ಟೆಗೆ ಮಾತ್ರೆ ಕೊಟ್ಟರು, ಪ್ರಯೋಜನವಾಗಲಿಲ್ಲ. ಈಗ ಅತ್ತೆಯವರದ್ದು ಒಂದೇ ಹಟ. ತವರಲ್ಲಿ ಗುಂಡುಕಲ್ಲಿನಂತಿದ್ದವಳಿಗೆ ಇಲ್ಲಿ ಕಾಲಿಟ್ಟ ತಕ್ಷಣ ವಾಂತಿ ಅಂದರೆ ಅದು ನಾಟಕ, ಕೆಲಸಗಳ್ಳತನ. ಗುರುವಾರ ಹುಡುಗಿಯ ಅಪ್ಪನನ್ನು ಬರಹೇಳಿದ್ದಾರೆ, ಮಗಳನ್ನು ಕರೆದುಕೊಂಡು ಹೋಗಲಿ ಎಂದು.

"ಕಳ್ಸುದ್ರೆ ತಿರ್ಗ ಕರ್ಕಬರೋ ಪೈಕಿ ಅಲ್ಲ ನಮ್ಮತ್ತೆ. ಆ ಮಗು ದಿನಾ ಹಿತ್ಲಲ್ಲಿ ಕುಂತ್ಕಂಡು ಅಳ್ತದೆ ಮೇಡಂ. ಸುಳ್ಳಾಡೋ ಹುಡ್ಗಿ ಅಲ್ಲ ಅದು."

ಸೋಮವಾರ ಅವತ್ತು. ಗುರುವಾರಕ್ಕೆ ಮೂರು ದಿನ. ನನಗೆ ಮೈಯೆಲ್ಲ ಹುರುಪು ಬಂತು. "ಇದೇ ನಮ್ಮ ಪ್ರಶ್ನೆ! ಬರೀರಿ ಖಾನೆಗೆ" ಎಂದೆ. ಅವಳು ಮೊದಲ ಖಾನೆಯಲ್ಲಿ ಬರೆದಳು: ಇಪ್ಪತ್ತೆರಡು ವರ್ಷದ ಹೆಂಗಸು, ಹೊಸದಾಗಿ ಮದುವೆಯಾದವಳು, ಬಸುರಿಯಲ್ಲ, ವಾಂತಿ, ತಲೆಸುತ್ತು. ನಾನು ಕೆಂಪು ಪೆನ್ನಿನಿಂದ ರೈಟು ಹಾಕಿ ಕೆಳಗೆ "ವೆರಿ ಗುಡ್" ಎಂದು ಬರೆದೆ. ಆ ಕಾಗದ ಈಗಲೂ ನನ್ನ ಹತ್ತಿರ ಇದೆ.

ಹುಡುಕಿದೆವು. ಅಯ್ಯಯ್ಯೋ, ಎಷ್ಟು ಬಸಿರು! ಜಗತ್ತಿನ ಅಷ್ಟೂ ಹರೆಯದ ಹೆಂಗಸರ ವಾಂತಿಗೆ ಒಂದೇ ಕಾರಣ ಎನ್ನುವ ಹಾಗೆ ಪರದೆ ತುಂಬ ಬಸಿರೇ ಬಸಿರು. "ಬಸುರಿಯಲ್ಲ" ಎಂದು ಹಾಕಿದರೆ ಬಾಣಂತಿಯರು ಬಂದರು. ಅದನ್ನೂ ತೆಗೆದರೆ ತಲೆನೋವಿನವರು, ಕಿವಿಯೊಳಗಿನ ತೊಂದರೆಯವರು, ಹಡಗಿನಲ್ಲಿ ಕೂತವರು. ಕೋಟೆಯವಳು ಸಿಕ್ಕಿದ್ದನ್ನೆಲ್ಲ ಪ್ರಿಂಟು ಕೊಟ್ಟು ಕೊಟ್ಟು ಸಂಜೆಯೊಳಗೆ ಪ್ರಿಂಟರು ಏದುಸಿರು ಬಿಡುತ್ತಿತ್ತು.

ಮಂಗಳವಾರ ಆ ಕಾಗದದ ರಾಶಿಯನ್ನು ಆರಿಸುವುದು ಕಲಿಸಿದೆ. ಒಬ್ಬ ರೋಗಿಯ ಕಥೆ ಹೇಳುವ ಬರಹ ಎಷ್ಟರದು, ನೂರಾರು ಜನರನ್ನು ಎರಡು ಗುಂಪು ಮಾಡಿ ನೋಡಿದ್ದು ಎಷ್ಟರದು, ಅಂಥವನ್ನೆಲ್ಲ ಒಟ್ಟುಗೂಡಿಸಿ ತೂಗಿದ್ದು ಎಷ್ಟರದು. ಇಂಗ್ಲಿಷಿನ ಚಾರ್ಟು ತೋರಿಸಿದೆ, ಯಾರ ತಲೆಗೂ ಹತ್ತಲಿಲ್ಲ. ಆಗ ಪಟ್ಟಣದವಳು ಚಾಪೆ ಎಳೆದು ಹಾಕಿದಳು.

"ಸೊಪ್ಪು ಗ್ರೇಡ್ ಮಾಡ್ದಂಗೆ ತಾನೆ ಮೇಡಂ? ಅದುಕ್ಯಾಕೆ ಚಾರ್ಟು, ಕುಂತ್ಕಳಿ ಕೆಳುಕ್ಕೆ."

ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಬೇಯಿಸಿ ಒಣಗಿಸಿದ ಹೊಗೆಸೊಪ್ಪನ್ನು ನಮ್ಮ ಕಡೆ ಹೆಂಗಸರು ಹೇಗೆ ಬಣ್ಣ ನೋಡಿ, ಮುಟ್ಟಿ ನೋಡಿ ಬೇರೆ ಬೇರೆ ಗುಡ್ಡೆ ಹಾಕುತ್ತಾರೋ ಹಾಗೆ ಅವಳು ಕಾಗದ ಎಸೆಯತೊಡಗಿದಳು. ಒಂದು ಕಾಗದದ ತಲೆಬರಹ ಥಳಥಳ ಹೊಳೆಯುತ್ತಿತ್ತು. ಅವಳು ಅದನ್ನು ಓದಲೇ ಇಲ್ಲ, ನಡುವಿನ ಹಾಳೆ ಎಳೆದು ನೋಡಿದಳು. ಹರಾಜಿನಲ್ಲಿ ಸೊಪ್ಪಿನ ದೊಡ್ಡ ಕಟ್ಟಿನ ಹೊಟ್ಟೆಗೆ ಕೈ ಹಾಕಿ ಎಲೆ ಎಳೆದು ನೋಡುತ್ತಾರಲ್ಲ, ಅದೇ ಕೈ. "ಥೂ, ಮೇಲ್ಗಡೆ ಬಂಗಾರ, ಒಳ್ಗಡೆ ಕಸ. ಮಾತ್ರೆ ಮಾರೋರು ಬರ್ಸಿರೋದು ಇದು" ಎಂದು ಅತ್ತ ಎಸೆದಳು. ಮೈಸೂರಿನಲ್ಲಿ ನನಗೆ ಒಂದು ವಾರ ಹಿಡಿದಿದ್ದ ಪಾಠ ಅದು! ನಕ್ಕು ನಕ್ಕು ನನ್ನ ಹೊಸ ಸೀರೆಯ ನೆರಿಗೆ ಬಿಚ್ಚಿಹೋಯಿತು. ನಗರದವರು ಕೂಡ ಎಚ್ಚರವಾಗಿ ಎರಡು ಗುಡ್ಡೆ ಮಾಡಿದರು.

ಗುಡ್ಡೆ ಚೆನ್ನಾಗಿದ್ದವು, ಉತ್ತರ ಮಾತ್ರ ಇರಲಿಲ್ಲ. ಸಂಜೆ ಹೊರಡುವಾಗ ಪಟ್ಟಣದವಳು, "ಹೋಗ್ಲಿ ಬುಡಿ ಮೇಡಂ, ನೀವೇನ್ ಮಾಡ್ತೀರಿ" ಎಂದಳು. ಅವಳು ಬೈದಿದ್ದರೆ ವಾಸಿಯಿತ್ತು. ಬಸ್ಸಿನಲ್ಲಿ ಹುಣಸೂರು ಬರುವವರೆಗೂ ನನಗೆ ಆ ಹಿತ್ತಲಲ್ಲಿ ಕೂತ ಹುಡುಗಿಯದೇ ಯೋಚನೆ.

ಇದನ್ನು ಓದುತ್ತಿರುವ ನೀವು ಯಾವಾಗಲೋ ಕಂಡುಹಿಡಿದಿರಬೇಕು. ನಮಗೆ ಬುಧವಾರ ಮಧ್ಯಾಹ್ನದವರೆಗೂ ಬೇಕಾಯಿತು.

ಊಟವಾಗಿತ್ತು. ನಗರದವರು ತಮ್ಮ ಮಾಮೂಲಿ ಭಂಗಿಯಲ್ಲಿದ್ದರು. ಹೊರಗೆ ಜಿಟಿಜಿಟಿ ಸೋನೆ. ಇದ್ದಕ್ಕಿದ್ದಂತೆ ಅವರು ಕಣ್ಣು ಮಿಟುಕಿಸಿ, ನಿದ್ದೆಯ ದನಿಯಲ್ಲೇ ಕೇಳಿದರು.

"ಅಲ್ಲ ಕಣವ್ವ, ಆ ಹುಡ್ಗಿ ಇಡೀ ದಿನ ಏನ್ ಮಾಡ್ತಾಳೆ?"

"ಏನ್ ಮಾಡ್ತಾಳೆ ಸಾರ್, ಎಲ್ಲಾರು ಮಾಡೋದೇ. ಎದ್ದು ಸೊಪ್ಪು ಮುರಿಯಕ್ಕೋಯ್ತಾಳೆ."

"ಬೆಳಿಗ್ಗೇನಾ? ಎಲೆ ಮೇಲೆ ನೀರಿರ್ತದಲ್ವಾ?"

"ಇರ್ತದೆ. ಸೀರೆಯೆಲ್ಲ ತೊಪ್ಪೆ ಆಯ್ತದೆ."

"ಅವ್ಳ ತವರಲ್ಲಿ ಸೊಪ್ಪು ಬೆಳೀತಾರಾ?"

"ಇಲ್ಲ ಸಾರ್, ನಿಮ್ಮ ಕಡೇಯೋಳಲ್ವಾ, ಬರೀ ಭತ್ತ."

"ಮತ್ತೆ ಅದುನ್ನ ಬರ್ದೇ ಇಲ್ವಲ್ಲ ನೀನು" ಎಂದು ಅವರು ಬೋರ್ಡಿನ ಮೊದಲ ಖಾನೆಯ ಕಡೆ ಕೈ ತೋರಿಸಿದರು.

ಹೊಗೆಸೊಪ್ಪು! ಎಲ್ಲರೂ ಸೊಪ್ಪು ಮುರಿಯುವ ಊರಿನಲ್ಲಿ ಯಾರು ತಾನೆ ಅದನ್ನು ಬರೆಯುತ್ತಾರೆ? ಆ ಹುಡುಗಿ ಅನ್ನ ಉಣ್ಣುತ್ತಾಳೆ, ಗಾಳಿ ಕುಡಿಯುತ್ತಾಳೆ ಎಂದು ಬರೆದ ಹಾಗೆ ಅದು. ಪಟ್ಟಣದವಳು ಬರೆಯಲಿಲ್ಲ. ಡಾಕ್ಟರು ಕೇಳಲಿಲ್ಲ. ಅದೇ ಸೊಪ್ಪಿನ ಸಾಲಿನಲ್ಲಿ ಹುಟ್ಟಿ ಬೆಳೆದ ಮೇಡಂ ರೈಟು ಹಾಕಿ ವೆರಿ ಗುಡ್ ಕೊಟ್ಟಿದ್ದಳು. ಜೀವಮಾನದಲ್ಲಿ ಹಸಿ ಹೊಗೆಸೊಪ್ಪು ಮುಟ್ಟದ ಗದ್ದೆಯ ಮನುಷ್ಯ ನಿದ್ದೆಗಣ್ಣಲ್ಲಿ ಹಿಡಿದುಬಿಟ್ಟರು. ನನಗೆ ನಾಚಿಕೆಯಾಯಿತು, ಆದರೆ ನಾಚಿಕೊಳ್ಳಲು ಪುರುಸೊತ್ತಿರಲಿಲ್ಲ.

"ಟೈಪ್ ಹೊಡಿ ಕೋಟೆಯೋಳೆ!" ಎಂದು ಕಿರುಚಿದೆ.

ತಂಬಾಕು ಎಂದು ಹಾಕಿದ ಕೂಡಲೆ ಸಿಗರೇಟು ಸೇದುವವರು, ಬಿಡಲಾಗದವರು, ಶ್ವಾಸಕೋಶ, ಬಾಯಿ ಕ್ಯಾನ್ಸರು, ಎಲ್ಲ ದಂಡು ಕಟ್ಟಿಕೊಂಡು ಬಂದವು. "ಸೇದೋರನ್ನ ಆಚೆ ಹಾಕು. ಎಲೆ ಹಾಕು, ಕಟಾವು ಹಾಕು, ಕೂಲಿಯವರು ಹಾಕು. ಒದ್ದೆ ಹಾಕು, ಚರ್ಮ ಹಾಕು!" ನಾವು ಮೂವರೂ ಅವಳ ಹೆಗಲ ಮೇಲೆ ಬಿದ್ದು ಒಬ್ಬೊಬ್ಬರು ಒಂದೊಂದು ಪದ ಕೂಗುತ್ತಿದ್ದೆವು. ಅವಳು, "ಯಾ ಅಲ್ಲಾ, ಒಬ್ರೊಬ್ರೇ ಹೇಳಿ ಮೇಡಂ, ನನಗಿರೋದು ಹತ್ತೇ ಬೆರಳು!" ಎಂದು ಬೊಬ್ಬೆ ಹೊಡೆದಳು.

ಪರದೆ ಬದಲಾಯಿತು. ಬಂತು. ಅದಕ್ಕೊಂದು ಹೆಸರೇ ಇತ್ತು. ಹಸಿರು ತಂಬಾಕಿನ ಕಾಯಿಲೆ! ಎಷ್ಟೋ ದೇಶಗಳ ಸೊಪ್ಪಿನ ಹೊಲಗಳಲ್ಲಿ ಜನ ಇದೇ ರೀತಿ ವಾಂತಿ ಮಾಡಿಕೊಂಡಿದ್ದರು, ಯಾರೋ ಪುಣ್ಯಾತ್ಮರು ಕೂತು ಅದನ್ನು ಬರೆದಿಟ್ಟಿದ್ದರು. ಎಲೆಯ ನಿಕೋಟಿನ್ ಇಬ್ಬನಿಯಲ್ಲಿ, ಮಳೆ ನೀರಿನಲ್ಲಿ ಕರಗಿ ಚರ್ಮದ ಮೂಲಕ ಮೈಗೆ ಹತ್ತುತ್ತದೆ. ನಾವು ಕೂಗಿದ ಕೂಗಿಗೆ ಕೆಳಗಿನ ಕ್ಲಾಸಿನಿಂದ ಪ್ರಿನ್ಸಿಪಾಲರು, ಕರೆಂಟು ಹೊಡೆಯಿತೇನೋ ಎಂದು ಮರದ ಕೋಲು ಹಿಡಿದು ಓಡಿ ಬಂದರು. ಪಟ್ಟಣದವಳು ಅವರ ಕೋಲನ್ನೇ ಹಿಡಿದು ಕುಣಿದಳು. ಆಮೇಲೆ ಗೋಡೆಯ ಕಡೆ ತಿರುಗಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಚಾಪೆಯ ಮೇಲೆ ಕೂತು ಅವನ್ನೂ ಗ್ರೇಡ್ ಮಾಡಿದೆವು. ಚಿಕ್ಕ ಅಧ್ಯಯನಗಳು ಬೇರೆ, ದೊಡ್ಡವು ಬೇರೆ, ಎಲ್ಲವನ್ನೂ ತೂಗಿ ನೋಡಿದವು ಬೇರೆ. ಎಲ್ಲ ಗುಡ್ಡೆಗಳೂ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಿದ್ದವು. ಒದ್ದೆ ಎಲೆ ಮುಟ್ಟಬೇಡ, ಮುಟ್ಟಲೇಬೇಕಾದರೆ ನೀರಿಳಿಯದ ಬಟ್ಟೆ, ಗ್ಲೌಸು ಹಾಕು, ನೆಂದ ಬಟ್ಟೆ ಬೇಗ ಬದಲಿಸು, ಸೋಪು ಹಾಕಿ ತೊಳೆ. ಗಡಿಯಾರ ನೋಡಿದರೆ ಮೂರೂವರೆ. ಬೆಳಗಾದರೆ ಗುರುವಾರ.

"ಪೇಪರ್ ತಕೊಂಡೋಗಿ ಕೊಟ್ರೆ ನಮ್ಮತ್ತೆ ಒಲೆಗಾಕ್ತಾರೆ. ನೀವೆಲ್ಲ ಬರ್ಬೇಕು" ಎಂದಳು ಪಟ್ಟಣದವಳು. ಗೊಬ್ಬರದಂಗಡಿಯಲ್ಲಿ ದಪ್ಪ ರಬ್ಬರಿನ ಗ್ಲೌಸು ಎರಡು ಜೊತೆ, ಒಂದು ಪ್ಲಾಸ್ಟಿಕ್ ರೇನ್‌ಕೋಟು ತೆಗೆದುಕೊಂಡು ನಾಲ್ವರೂ ಒಂದೇ ಆಟೋದಲ್ಲಿ ತುರುಕಿಕೊಂಡೆವು. ನಗರದವರು ಡ್ರೈವರ್ ಪಕ್ಕ ಅರ್ಧ ಸೀಟಿನಲ್ಲಿ ನೇತಾಡುತ್ತಾ ದಾರಿಯುದ್ದಕ್ಕೂ ಎರಡೂ ಬದಿಯ ಸೊಪ್ಪನ್ನು ಅನುಮಾನದಿಂದ ನೋಡುತ್ತಿದ್ದರು.

ಅತ್ತೆ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ವೀಳ್ಯದೆಲೆ, ಅಡಿಕೆ, ಸುಣ್ಣ, ಮೇಲೊಂದು ದೊಡ್ಡ ಚೂರು ಹೊಗೆಸೊಪ್ಪು. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು. ನಾನು ವಿಷಯ ಹೇಳಿದೆ. ಅವರು ಅಂಗಳಕ್ಕೆ ಉಗುಳಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಾನು ಬಂದಾಗ್ನಿಂದ ಮುರೀತಾ ಇವ್ನಿ ಸೊಪ್ಪ. ನಂಗ್ಯಾಕ್ ಬರ್ಲಿಲ್ಲ ಅದೇನೋ ಕಾಯ್ಲೆ? ಕಂಪ್ಯೂಟ್ರುಗೆ ನಾನ್ ಕಾಣ್ಲಿಲ್ವಾ?"

ಕೋಟೆಯವಳು ಮೆಲ್ಲಗೆ ಒಂದು ಕಾಗದ ಮುಂದೆ ಹಿಡಿದು, "ಕಂಡಿದೀರಿ ಅಮ್ಮ, ಇಲ್ಲೇ ಇದೀರಿ" ಎಂದಳು. ಕೆಲವು ಅಧ್ಯಯನಗಳಲ್ಲಿ, ಮೊದಲೇ ಹೊಗೆಸೊಪ್ಪು ಅಗಿಯುವವರಿಗೆ, ಸೇದುವವರಿಗೆ ಈ ಕಾಯಿಲೆ ಕಡಿಮೆ ಬಂದಿತ್ತು. ಅವರ ಮೈ ಆ ವಿಷಕ್ಕೆ ಆಗಲೇ ಒಗ್ಗಿಹೋಗಿರುತ್ತದೆ.

ಅತ್ತೆಯ ದವಡೆ ನಿಂತಿತು. ಆಮೇಲೆ ಮುಖ ಊರಗಲವಾಯಿತು. "ನೋಡುದ್ಯೇನೆ!" ಎಂದು ದೊಡ್ಡ ಸೊಸೆಯ ಕಡೆ ತಿರುಗಿದರು. "ಎಲೆ ಅಡ್ಕೆ ಬುಡು ಬುಡು ಅಂತಿದ್ಯಲ್ಲ, ಒಳ್ಳೇದು ಅಂತ ಇಂಗ್ಲೀಸ್ನಲ್ಲೇ ಬರ್ದವ್ರಂತೆ!"

"ಅಯ್ಯೋ ಇಲ್ಲ ಇಲ್ಲ!" ಎಂದು ನಾಲ್ಕು ಜನ ಒಟ್ಟಿಗೆ ಕೂಗಿದೆವು. ಮಧ್ಯಾಹ್ನ ಆಚೆ ಹಾಕಿದ್ದ ಬಾಯಿ ಕ್ಯಾನ್ಸರಿನ ಕಾಗದಗಳು ಕೋಟೆಯವಳ ಚೀಲದಲ್ಲೇ ಇದ್ದವು. ಒಂದೊಂದಾಗಿ ಜಗಲಿಯ ಮೇಲೆ ಇಟ್ಟಳು. ಅತ್ತೆ ಅವನ್ನು ನೋಡದ ಹಾಗೆ ಆಕಾಶ ನೋಡಿದರು.

"ಆ ಹುಡ್ಗಿಗೆ ಏನೇನಾಯ್ತದೆ ಅಂತ ಬರ್ದವ್ರೆ, ಓದಿ ಯೋಳು ಮತ್ತೆ" ಎಂದರು ಕಡೆಗೆ.

ನಾನು ಇಂಗ್ಲಿಷಿನಲ್ಲಿ ಅದನ್ನು ಅವತ್ತು ನಾಲ್ಕು ಸಲ ಓದಿದ್ದೆ. ಈಗ ನಮ್ಮ ಬಾಯಿಯ ಮಾತಿಗೆ ತಿರುಗಿಸಿ ಹೇಳತೊಡಗಿದೆ. "ತಲೆ ಗಿರ್ರನ್ತದೆ. ಹೊಟ್ಟೆ ತೊಳಸ್ತದೆ. ಸಾಲಲ್ಲೇ ಕುಕ್ಕರಿಸಿ ವಾಂತಿ ಮಾಡ್ಕತಾರೆ. ಕೈಕಾಲಲ್ಲಿ ತ್ರಾಣ ಇರಲ್ಲ. ಸೊಪ್ಪಿನ ಕಡೆ ಹೋಗ್ದಿದ್ರೆ ಒಂದೆರಡು ದಿನದಲ್ಲಿ ಸರಿಹೋಗ್ತಾರೆ, ಹೋದ್ರೆ ಮತ್ತೆ..." ಕೈಯಲ್ಲಿದ್ದ ಕಾಗದವನ್ನು ಮತ್ತೆ ನೋಡಿದೆ. ಸಾಲಲ್ಲಿ ಕುಕ್ಕರಿಸುವುದು ಕಾಗದದಲ್ಲಿ ಇರಲಿಲ್ಲ. ಅದನ್ನು ನಾನು ಸೇರಿಸಿದ್ದೆ.

ಬಾಗಿಲ ಹಿಂದಿನಿಂದ ಹುಡುಗಿ ಮೊದಲ ಸಲ ಮಾತಾಡಿದಳು. "ಅಕ್ಕ, ನಿಮ್ಗೂ ಇಂಗೇ ಆಗಿತ್ತಾ?"

ಹೌದೆಂದು ತಲೆ ಆಡಿಸಿದೆ. ಅತ್ತೆ ನನ್ನ ಮುಖವನ್ನೂ ಅವಳ ಮುಖವನ್ನೂ ಒಂದಾದ ಮೇಲೊಂದು ನೋಡಿದರು. "ಒಳೀಕ್ ಕರ್ಕೊಂಡೋಗಿ ಕಾಫಿ ಕೊಡವ್ವ ಅವ್ರಿಗೆ" ಎಂದು ಹುಡುಗಿಗೇ ಹೇಳಿದರು. ಆಮೇಲೆ ಮಗನ ಫೋನ್ ಇಸಿದುಕೊಂಡು ಬೀಗರಿಗೆ ಮಾಡಿದರು. "ನಾಳೆ ಬರೋರು ಬನ್ನಿ, ಕರ್ಕೊಂಡೋಗಕ್ಕಲ್ಲ. ಕೆ.ಆರ್. ನಗರ್ದಲ್ಲಿ ರಬ್ಬರ್ ಗ್ಲೌಸು ಸಿಕ್ಕುದ್ರೆ ಇನ್ನೊಂದೆರಡು ಜೊತೆ ತನ್ನಿ. ಹಾಂ, ರಬ್ಬರ್ದು. ಯಾಕೆ ಅಂತ ನಿಮ್ ಮಗ್ಳೇ ಯೋಳ್ತಾಳೆ ಬುಡಿ." ಹುಡುಗಿ ಕಾಫಿ ಲೋಟ ಹಿಡಿದು ನಿಂತಲ್ಲೇ ಅಳುತ್ತಾ ನಗುತ್ತಿದ್ದಳು. ಲೋಟ ಇಸಿದುಕೊಳ್ಳುವುದೇ ನಮಗೆ ಮರೆತುಹೋಗಿತ್ತು.

ಒಂದು ಜೊತೆ ಗ್ಲೌಸು, ರೇನ್‌ಕೋಟು ಅಲ್ಲಿ ಕೊಟ್ಟೆವು. ಇನ್ನೊಂದು ಜೊತೆ ನನ್ನ ಚೀಲದಲ್ಲಿ ಉಳಿಯಿತು. ಹುಣಸೂರಿನ ಬಸ್ಸು ಹತ್ತಬೇಕಾದವಳು ಅಲ್ಲಿಂದ ಸೀದಾ ನಮ್ಮೂರಿಗೆ ಹೋದೆ. ಅವ್ವ ಬ್ಯಾರನ್ನಿನ ಮುಂದೆ ಕೂತು, ಬೇಯಿಸಲು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಕೈ ಮೊಣಕೈವರೆಗೂ ಕಪ್ಪು ಅಂಟು. ನಾನು ಚಪ್ಪಲಿಯನ್ನೂ ಬಿಡದೆ ಅವಳ ಮುಂದೆ ನಿಂತು ಗೆದ್ದವಳ ಹಾಗೆ ಸಾರಿದೆ.

"ಅವ್ವ, ನಾನು ಸೋಮಾರಿ ಅಲ್ಲ! ವಿಷ ಹತ್ತಿತ್ತು ನಂಗೆ. ಪುರಾವೆ ತಂದಿದೀನಿ."

ಅವಳು ತಲೆಯನ್ನೂ ಎತ್ತಲಿಲ್ಲ. "ನಂಗೊತ್ತು ಕಣ್ ಮಗ."

"ಗೊತ್ತಿತ್ತಾ?"

"ನಂಗೂ ಬತ್ತಿತ್ತು. ಬೇಲಿ ಮರೆಗೋಗಿ ಕಕ್ಕೊಂಡು ಬತ್ತಿದ್ದೆ. ನಾನು ಯೋಳಿದ್ರೆ ನನ್ನ ಯಾರು ಇಸ್ಕೂಲ್ಗೆ ಹಾಕ್ತಿದ್ರು?" ಕಡ್ಡಿಗೆ ಇನ್ನೊಂದು ಹಿಡಿ ಸೊಪ್ಪು ಕಟ್ಟಿದಳು. "ನೀನು ಕಕ್ಕೊಂಡಾಗ ನಿಮ್ಮಪ್ಪನ ಕಿವೀಗೆ ನಾನೇ ಊದಿದ್ದು, ಇವ್ಳು ಸೋಮಾರಿ, ಗೇಯೋಳಲ್ಲ ಅಂತ. ಕಾಯ್ಲೆ ಅಂದಿದ್ರೆ ವಾಸಿ ಮಾಡ್ಸಿ ತಿರ್ಗ ಹೊಲಕ್ಕೇ ಕಳಿಸೋರು. ಸೋಮಾರೀಗೆ ಔಸ್ದಿ ಇಲ್ವಲ್ಲ."

ನಾನು ಅಲ್ಲೇ ನೆಲದ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ. ಅವಳು, "ಯಾಕೆ ಮಗ, ಏನಾಯ್ತು, ಹೊಸ ಸೀರೆ ಮಣ್ಣಾಯ್ತದೆ ಏಳು" ಎಂದಳು. ನಾನು ಚೀಲದಿಂದ ಗ್ಲೌಸು ತೆಗೆದು, ಅವಳ ಕೈ ತೊಳೆಸಿ, ಒಂದೊಂದೇ ಬೆರಳಿಗೆ ಹಾಕಿದೆ. ಇದ್ಯಾಕೋ ಡಾಕ್ಟ್ರಮ್ಮನ ಥರ ಕಾಣ್ತದೆ ಎಂದು ಅವಳು ಕೈ ತಿರುಗಿಸಿ ತಿರುಗಿಸಿ ನೋಡಿ ನಕ್ಕಳು.

ಅಷ್ಟರಲ್ಲಿ ಯಾರೋ ದೂರದ ನೆಂಟರ ಹೆಂಗಸು ಅಂಗಳಕ್ಕೆ ಬಂದರು, ನನ್ನ ಗುರುತು ಹತ್ತದೆ ಅವ್ವನ ಮುಖ ನೋಡಿದರು. ಅವ್ವ ರಬ್ಬರಿನ ಕೈಯನ್ನು ನನ್ನ ತಲೆಯ ಮೇಲಿಟ್ಟು ಹೇಳಿದಳು.

"ಇವ್ಳೇ ಕಣವ್ವ ನಮ್ ಸೋಮಾರಿ."